ಗುರುತಿಲ್ಲದ ಇಪ್ಪತ್ತನಾಲ್ಕು ಟ್ಯೂಬು

ಯಾವಾಗ ನೋಡಿದರೂ ಕೈಯಲ್ಲಿ ಐಸಿನ ಡಬ್ಬ. ಹಾಗಾಗಿ ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಐಸಣ್ಣ ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಇಲಿಗಳ ಮಿದುಳನ್ನು ಅರೆದು ಟ್ಯೂಬಿಗೆ ತುಂಬುವುದು. ವಯಸ್ಸಾದಂತೆ ಮಿದುಳಿಗೂ ಕಬ್ಬಿಣದ ಹಾಗೆ ಒಳಗೊಳಗೇ ತುಕ್ಕು ಹಿಡಿಯುತ್ತದೆ, ಉಸಿರಾಡುವ ಗಾಳಿಯೇ ಅದನ್ನು ಸವೆಸುತ್ತದೆ ಎಂದು ಪ್ರಯೋಗಾಲಯ ನಡೆಸುವ ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಬಣ್ಣ ಬರಿಸುವ ರಾಸಾಯನಿಕ ಬೆರೆಸಿ ಕುದಿಸಿದರೆ ಎಳೆಯದು ತೆಳು ಗುಲಾಬಿ, ಮುದಿಯದು ಗಾಢ ಗುಲಾಬಿ.

ಗುರುತು ಬರೆದ ಮೇಲೆಯೇ ಟ್ಯೂಬನ್ನು ಐಸಿಗೆ ಇಡಬೇಕು. ಒದ್ದೆಯಾದರೆ ಶಾಯಿ ಹತ್ತುವುದಿಲ್ಲ. ಹೊಸಬರಿಗೆಲ್ಲ ಗದರಿಸಿ ಇದನ್ನು ಕಲಿಸಿದವನೇ ಅವನು. ಆ ಮಂಗಳವಾರ ಐಸಿನ ಡಬ್ಬದ ಮುಚ್ಚಳ ತೆಗೆದರೆ ಇಪ್ಪತ್ತನಾಲ್ಕು ಟ್ಯೂಬೂ ಬೋಳು. ತಾನು ಗುರುತು ಬರೆದದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. ಹನ್ನೆರಡು ಎಳೆಯವು, ಹನ್ನೆರಡು ಎರಡು ವರ್ಷ ಸಾಕಿದ ಮುದಿಯವು. ಮುದಿಯವುಗಳಲ್ಲಿ ಆರಕ್ಕೆ ತುಕ್ಕು ತಡೆಯುವ ಹೊಸ ಔಷಧಿ ತಿನ್ನಿಸಲಾಗಿತ್ತು. ಅಂಥ ಇಲಿ ಇನ್ನೊಂದೂ ಉಳಿದಿರಲಿಲ್ಲ.

ಅವನು ಗಡಿಬಿಡಿಯಲ್ಲಿ ಪ್ರತಿ ಟ್ಯೂಬಿನಿಂದ ಒಂದೊಂದು ಹನಿ ತೆಗೆದು ಕುದಿಸಿದ. ತೆಳು ಒಂದು ಕಡೆ, ಗಾಢ ಒಂದು ಕಡೆ ಜೋಡಿಸಿದ. ಏಳು ಮಾತ್ರ ಅತ್ತಲೂ ಸೇರಲಿಲ್ಲ, ಇತ್ತಲೂ ಸೇರಲಿಲ್ಲ.

ಡಾಕ್ಟರಮ್ಮ ಒಳಗೆ ಬಂದರು. “ಏನಣ್ಣ, ಈ ಪಾಟಿ ಬೆವರು? ಐಸಣ್ಣನೇ ಕರಗಿಹೋದ್ರೆ ನಮ್ಮ ಗತಿ ಏನು?”

“ಗುರುತು ಬರೀದೇ ಇಟ್ಬಿಟ್ಟೆ ಅಮ್ಮ. ಬಣ್ಣ ನೋಡಿ ಬರೆದ್ಬಿಡ್ಲಾ? ಗಾಢ ಇರೋದೆಲ್ಲ ಮುದೀದು...”

ಅವರ ನಗು ಆರಿಹೋಯಿತು. ಸ್ಟೂಲಿನ ಮೇಲೆ ಕುಸಿದು ಕುಳಿತರು.

“ಮುದಿಯಾದ್ರೂ ತೆಳುವಾಗೇ ಉಳಿಯೋದು ಇದೆಯಾ ಅಂತ ಹುಡುಕೋಕೇ ಅಲ್ವಾ ಅಣ್ಣ, ಎರಡು ವರ್ಷ ಸಾಕಿದ್ದು? ತೆಳುವಿದ್ದಿದ್ದೆಲ್ಲ ಎಳೇದು ಅಂತ ಬರೆದ್ರೆ ಔಷಧಿ ಕೆಲಸ ಮಾಡ್ತೋ ಇಲ್ವೋ ಯಾರಿಗೆ ಗೊತ್ತಾಗುತ್ತೆ?”

ಅವನು ಆ ಏಳನ್ನೇ ನೋಡಿದ. ತುಕ್ಕು ಹಿಡಿಯುವುದು ನಿಂತ ಮಿದುಳು ಅವುಗಳಲ್ಲಿ ಒಂದಾದರೂ ಇದ್ದಿರಬಹುದು.

“ಹೋದ ತಿಂಗಳು ಇಲಿಗಳ ತೂಕ ಬರೆಯೋದ್ರಲ್ಲೂ ಎರಡು ಸಲ ತಪ್ಪಿದ್ದೆ ಅಮ್ಮ. ಅಂದಾಜಿಗೆ ತಿದ್ದಿಟ್ಟೆ. ಹೆದ್ರಿಕೊಂಡು ಹೇಳ್ಲಿಲ್ಲ.” ಅವನು ಹಣೆಯ ಬೆವರು ಒರೆಸಿಕೊಂಡ. “ನನ್ನ ತಲೆಗೂ ತುಕ್ಕು ಹಿಡೀತಾ?”

“ಬರೀ ಮರೆವೂ ಇರ್ಬಹುದು. ನನಗೆ ಗೊತ್ತಿಲ್ಲಣ್ಣ. ನಾಳೆ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ.” ಅವರು ಅವನ ಮುಖ ನೋಡಲಿಲ್ಲ. “ಅರೆಯೋ ಕೆಲ್ಸ ಮಾತ್ರ ಇನ್ನು ಬೇಡ.”

“ಮತ್ತೆ ನಾನೇನು ಮಾಡ್ಲಿ?”

ಡಾಕ್ಟರಮ್ಮ ಎದ್ದು, ಟ್ಯೂಬುಗಳನ್ನು ಒಂದೊಂದಾಗಿ ಕಸದ ಡಬ್ಬಕ್ಕೆ ಹಾಕತೊಡಗಿದರು. ಸಹಾಯಕ್ಕೆಂದು ಅವನು ಚಾಚಿದ ಕೈಯನ್ನು ಮೆಲ್ಲಗೆ ಸರಿಸಿದರು.