ಹಿತ್ತಿಲಿನ ಬಸ್ಸು

ನಮ್ಮ ಭಾವನಿಗೆ ಊರಿನವರನ್ನೆಲ್ಲ ಕೂರಿಸಿ ಗೊತ್ತೇ ಹೊರತು ತಾವು ಕೂತು ಗೊತ್ತಿಲ್ಲ. ಅಕ್ಕನನ್ನು ಮದುವೆಯಾಗುವುದಕ್ಕೆ ಮೊದಲಿನಿಂದಲೂ ಅವರದು ಒಂದೇ ಕೆಲಸ, ಬಸ್ಸುಗಳಿಗೆ ಸೀಟು ಮಾಡುವುದು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ತಗಡಿನ ದೊಡ್ಡ ಶೆಡ್ಡೊಂದಿದೆ. ಅಲ್ಲಿ ಬಸ್ಸುಗಳು ಬಣ್ಣವಿಲ್ಲದೆ, ಗಾಜಿಲ್ಲದೆ, ಬರೀ ಎಲುಬಾಗಿ ನಿಂತಿರುತ್ತವೆ. ಭಾವ ಮಂಡಿಯೂರಿ ಕಬ್ಬಿಣದ ಚೌಕಟ್ಟಿಗೆ ಸ್ಪ್ರಿಂಗು ಬಿಗಿದು, ಮೇಲೆ ನಾರು ಹಾಸಿ, ಅದರ ಮೇಲೆ ಫೋಮು ಇಟ್ಟು, ರೆಕ್ಸಿನ್ನನ್ನು ಹಲ್ಲು ಕಚ್ಚಿ ಎಳೆದು ಹೊಲಿಯುತ್ತಾರೆ. ಬೆಳಿಗ್ಗೆ ಹೋದರೆ ಸಂಜೆಯವರೆಗೆ ಇದೇ. ಮನೆಗೆ ಯಾರಾದರೂ ನೆಂಟರು ಬಂದರೆ ಬೇರೆಯವರು ಚೆನ್ನಾಗಿದ್ದೀರಾ ಎಂದು ಕೇಳಿದರೆ ಇವರು ಕೇಳುವುದು, "ಕೂತ್ರಾ? ಸೀಟು ಹೇಗಿದೆ?" ನಾನು ಚಿಕ್ಕಂದಿನಲ್ಲೇ ಅವರಿಗೆ ಸ್ಪ್ರಿಂಗ್ ಭಾವ ಎಂದು ಹೆಸರಿಟ್ಟಿದ್ದೆ. ಆ ಹೆಸರಿಗೆ ಅವರು ಇವತ್ತಿಗೂ ಓಗೊಡುತ್ತಾರೆ, ಪಾಪ.

ಇಂಥ ಭಾವ ನನಗಾಗಿ ಹಿತ್ತಿಲನ್ನು ಹೇಗೆ ಮಾಡಿಕೊಟ್ಟರು ಎನ್ನುವುದನ್ನು ಹೇಳಬೇಕು. ಹೇಳದಿದ್ದರೆ ನನ್ನ ಗಂಟಲಿಗೆ ಸಮಾಧಾನವಿಲ್ಲ.

ನಾನು ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಬಟ್ಟೆ ಬಿಚ್ಚಿ ತೋರಿಸುವವಳು. ಅಂಗಡಿಯ ಹತ್ತಿರವೇ ಒಂದು ರೂಮು, ಒಂಟಿ ಜೀವ, ಬಾಯಿ ಜೋರು. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಎದ್ದು ಚಹಾ ಕುಡಿದರೆ ಅರ್ಧ ಚಹಾ ಗಂಟಲಿಗೆ, ಅರ್ಧ ಚಹಾ ಸೊಂಟಕ್ಕೆ ಇಳಿಯಿತು. ಲೋಟ ಒಡೆದಿದೆಯೇನೋ ಎಂದು ತಿರುಗಿಸಿ ನೋಡಿದೆ. ಒಡೆದದ್ದು ಲೋಟವಲ್ಲ. ಕನ್ನಡಿಯಲ್ಲಿ ನನ್ನ ಎಡ ಕೆನ್ನೆ ಒಣಹಾಕಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ನಗಲು ಹೋದರೆ ಬಾಯಿ ಬಲಕ್ಕೆ ಓಡುತ್ತಿತ್ತು.

ಮುಖದ ನರ ಸೋತಿದೆ ಎಂದರು ಡಾಕ್ಟರು. ಬಹಳ ಜನಕ್ಕೆ ಸರಿಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಕೊಳ್ಳುತ್ತದೆ, ಎಷ್ಟು ಅಂತ ಈಗಲೇ ಹೇಳಲಾಗದು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. "ಔಷಧಿ ತಗೊಳ್ಳಿ. ಅದಕ್ಕಿಂತ ಹೆಚ್ಚಾಗಿ ಮಾತಾಡಿ, ನಗಿ, ನಾಲ್ಕು ಜನರ ಜೊತೆ ಇರಿ. ಮೂಲೆ ಹಿಡೀಬೇಡಿ" ಎಂದರು. ನಾನು ನೆಟ್ಟಗೆ ಬಂದು ಮೂಲೆ ಹಿಡಿದೆ. ನಮ್ಮ ಅಂಗಡಿಯಲ್ಲಿ ನಾಲ್ಕು ಗೋಡೆಗೂ ಆಳೆತ್ತರದ ಕನ್ನಡಿ. ಅಲ್ಲಿ ಹೇಗೆ ನಿಲ್ಲಲಿ? ಅಕ್ಕ ಬಂದವಳು ನನ್ನ ಬಟ್ಟೆಯನ್ನೆಲ್ಲ ಚೀಲಕ್ಕೆ ತುರುಕಿ, ನನ್ನನ್ನೂ ಹಾಗೇ ಆಟೋಕ್ಕೆ ತುರುಕಿ ತನ್ನ ಮನೆಗೆ ಕರೆತಂದಳು.

ಅಕ್ಕನ ಮನೆಯ ಹಿಂದಿನ ಕೋಣೆ ನನ್ನದಾಯಿತು. ಮೇಲೆ ಶೀಟು. ಮಧ್ಯಾಹ್ನವಾದರೆ ಅದು ಕೋಣೆಯಲ್ಲ, ಒಲೆ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ನನ್ನ ತಲೆಗೆ ಹೊಯ್ಯುತ್ತಿತ್ತು. ಆದರೂ ನಾನು ಹೊರಗೆ ಬರಲೊಲ್ಲೆ. ಊಟ ಒಳಗೇ, ಬಾಯಿಗೆ ಕರವಸ್ತ್ರ ಹಿಡಿದು, ಬಾಗಿಲು ಹಾಕಿಕೊಂಡು. ಅಕ್ಕ ತಟ್ಟೆ ತಂದರೂ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದೆ. ಬಾಯಿ ಜೋರಿನವಳು ಬಾಯಿಗೇ ಬೀಗ ಹಾಕಿಕೊಂಡು ಕೂತೆ.

"ಸಂಜೆ ಹೊತ್ತಾದ್ರೂ ಹೊರಗೆ ಬಾರೇ, ಬೆಂದು ಹೋಗ್ತೀಯ" ಎನ್ನುವಳು ಅಕ್ಕ.

"ಬೆಂದ್ರೆ ಬೇಯ್ಲಿ. ಗೋಡೆ ಅತ್ತೆ ನೋಡ್ತಾರೆ."

ಗೋಡೆ ಅತ್ತೆ ಎಂದರೆ ಪಕ್ಕದ ಮನೆಯ ಹಿರಿಯಾಕೆ. ಗೋಡೆಗೆ ಕಿವಿ ಇರುತ್ತದೆ ಎನ್ನುತ್ತಾರಲ್ಲ, ನಮ್ಮ ಕಾಂಪೌಂಡು ಗೋಡೆಗೆ ಕಣ್ಣು, ಬಾಯಿ, ಕನ್ನಡಕ ಎಲ್ಲವೂ ಇತ್ತು. ಮನಸ್ಸು ಒಳ್ಳೆಯದು, ನಾಲಿಗೆ ಉದ್ದ.

ಭಾವ ಈ ಯಾವುದರ ನಡುವೆಯೂ ಒಂದು ಮಾತು ಆಡಲಿಲ್ಲ. ಒಂದು ಭಾನುವಾರ ಪಂಚೆ ಮೇಲೆ ಕಟ್ಟಿ ಹಿತ್ತಿಲಿಗೆ ಇಳಿದರು, ಅಷ್ಟೆ. ಆ ಹಿತ್ತಿಲೋ, ಬೇಡದ್ದಕ್ಕೆಲ್ಲ ತವರುಮನೆ. ಒಡೆದ ಬಕೆಟ್ಟು, ಕೆಟ್ಟ ಮೋಟಾರು, ಟೈರು, ಇಟ್ಟಿಗೆ ರಾಶಿ, ಮಧ್ಯೆ ಒಂದು ಸೀಬೆ ಮರ. ಭಾವ ಇಟ್ಟಿಗೆ ಬಿಟ್ಟು ಉಳಿದದ್ದನ್ನೆಲ್ಲ ಎಳೆದು ಗುಜರಿಗೆ ಹಾಕಿ, ನೆಲ ಸಮ ಮಾಡಿ, ಆ ಇಟ್ಟಿಗೆಯನ್ನೇ ನೆಲಕ್ಕೆ ಹಾಸಿದರು. ಮರಕ್ಕೂ ಮನೆಗೂ ತಂತಿ ಎಳೆದು ಮೇಲೆ ನೆರಳಿಗೆ ಅಂತ ಹೊದಿಸಿದ್ದು ಏನನ್ನು? ತಮಗೆ ಗೊತ್ತಿದ್ದ ಒಂದೇ ಬಟ್ಟೆಯನ್ನು, ಕಪ್ಪು ರೆಕ್ಸಿನ್ನನ್ನು! ಅದರ ಕೆಳಗೆ ಒಂದು ಗಳಿಗೆ ನಿಂತ ಅಕ್ಕ ಬೆವರೊರೆಸಿಕೊಳ್ಳುತ್ತ, "ಏನ್ರೀ, ನನ್ನ ತಂಗೀನ ಹಪ್ಪಳದ ಹಾಗೆ ಸುಡೋ ಯೋಚನೆನಾ?" ಎಂದಳು. ರೆಕ್ಸಿನ್ನು ಇಳಿಯಿತು, ಹೊಲಿದ ಗೋಣಿತಟ್ಟು ಏರಿತು. ಬಿಸಿಲು ಓರೆಯಾಗಿ ಬರುತ್ತಿದ್ದ ಗೋಡೆ ಅತ್ತೆಯ ಕಡೆಗೂ ಒಂದು ಗೋಣಿ ಪರದೆ ಇಳಿಬಿಟ್ಟು, ಮಧ್ಯಾಹ್ನ ಅದಕ್ಕೆ ನೀರು ಚಿಮುಕಿಸುವ ಏರ್ಪಾಡಾಯಿತು. ಒದ್ದೆ ಗೋಣಿಯ ಮೂಲಕ ಬಂದ ಗಾಳಿ ನನ್ನ ಕಿಟಕಿಯವರೆಗೂ ತಣ್ಣಗೆ ಬರುತ್ತಿತ್ತು. ನಾನು ಕಿಟಕಿಯ ಸಂದಿಯಿಂದ ಎಲ್ಲ ನೋಡುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ.

ಕೊನೆಗೆ ಸೀಟುಗಳು ಬಂದವು. ಶೆಡ್ಡಿನಲ್ಲಿ ಮುರಿಯಲು ಬಂದಿದ್ದ ಹಳೇ ಬಸ್ಸಿನ ಇಬ್ಬರು ಕೂರುವ ಮೂರು ಸೀಟು. ಭಾವ ಅವಕ್ಕೆ ಹೊಸ ಸ್ಪ್ರಿಂಗು, ಹೊಸ ಫೋಮು ಹಾಕಿ, ಬೇಸಿಗೆಯಲ್ಲಿ ಮೈಗೆ ಅಂಟದಿರಲಿ ಎಂದು ಹತ್ತಿ ಬಟ್ಟೆಯ ಗವಸು ಹೊಲಿದಿದ್ದರು. ಅಳತೆ ಹಿಡಿದು, ಗುರುತು ಹಾಕಿ, ನೆಲಕ್ಕೆ ಬೋಲ್ಟು ಬಿಗಿದರು. ಬೆವರೊರೆಸಿಕೊಂಡು ಹಿಂದೆ ಸರಿದು ನಿಂತು, "ಬನ್ನಿ, ನೋಡಿ" ಎಂದು ಕರೆದರು.

ಅಕ್ಕ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟಳು. ಮೂರು ಸೀಟೂ ಒಂದರ ಹಿಂದೆ ಒಂದು, ಮನೆಗೆ ಬೆನ್ನು ಮಾಡಿ, ಎದುರಿನ ಬೋಳು ಗೋಡೆಯನ್ನು ನೋಡುತ್ತ ಸಾಲಾಗಿ ನಿಂತಿದ್ದವು. ಥೇಟ್ ಬಸ್ಸು.

"ಇದೇನ್ರೀ ಇದು? ಹಿತ್ತಿಲಲ್ಲಿ ಕೂತು ಹರಟೆ ಹೊಡೆಯೋರು ಮುಂದಿನೋರ ಕತ್ತು ನೋಡ್ಕೊಂಡು ಕೂರ್ಬೇಕಾ?"

ಭಾವ ಸೀಟು ನೋಡಿದರು, ಗೋಡೆ ನೋಡಿದರು, ತಲೆ ಕೆರೆದುಕೊಂಡರು. "ಸೀಟು ಅಂದ್ಮೇಲೆ ಮುಂದಕ್ಕಲ್ವೇನೇ ಇರೋದು?" ಎಂದರು. ಅಷ್ಟು ವರ್ಷ ಸೀಟು ಕೂರಿಸಿದ ಕೈಗೆ ಬೇರೆ ದಿಕ್ಕು ಇದೆ ಎಂದು ಹೊಳೆದೇ ಇರಲಿಲ್ಲ.

ಗೋಡೆ ಅತ್ತೆ ಪರದೆ ಸರಿಸಿ ಇಣುಕಿದ್ದೇ ತಡ, "ಕಂಡಕ್ಟರೇ, ಗಾಡಿ ಎಷ್ಟೊತ್ತಿಗೆ ಹೊರಡುತ್ತೆ? ಗೋಡೆ ಒಡ್ಕೊಂಡೇ ಹೋಗುತ್ತಾ?" ಎಂದು ಕೂಗಿದರು. ಅಕ್ಕ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಕಿಟಕಿಯ ಹಿಂದೆ ನನಗೂ ನಗು ಬಂತು. ಬಲಕ್ಕೆ ಓಡಿದ ಬಾಯಿಗೆ ಕರವಸ್ತ್ರ ಒತ್ತಿ ಹಿಡಿದೆ.

ಆದರೆ ಆ ರಾತ್ರಿಯೆಲ್ಲ ನನ್ನ ತಲೆಯಲ್ಲಿ ಆ ಸೀಟುಗಳೇ. ಕೊನೆಯ ಸೀಟು ನನ್ನ ಬಾಗಿಲಿಗೆ ತೀರ ಹತ್ತಿರ. ಎಲ್ಲರೂ ಮುಂದೆ ಕೂತ ಮೇಲೆ ನಾನು ಮೆಲ್ಲಗೆ ಬಂದು ಅಲ್ಲಿ ಕೂತರೆ ನನ್ನ ಮುಖ ಯಾರಿಗೂ ಕಾಣುವುದಿಲ್ಲ!

ಮಾರನೇ ದಿನ ಸಂಜೆ ಅಕ್ಕ, ಭಾವ ಚಹಾ ಹಿಡಿದು ಮುಂದೆ ಕೂತಿದ್ದರು. ನಾನು ಚಪ್ಪಲಿ ಬಿಟ್ಟು, ಕಪ್ಪು ಕನ್ನಡಕ ಹಾಕಿ, ಬೆಕ್ಕಿನ ಹಾಗೆ ಬಂದು ಕೊನೆಯ ಸೀಟಿನಲ್ಲಿ ಕೂತೆ. ಸ್ಪ್ರಿಂಗು ಕಿರ್ರೆಂದಿತು. ಅಕ್ಕನ ಕತ್ತು ಅರ್ಧ ತಿರುಗಿತು.

"ಹಿಂದೆ ತಿರುಗ್ಬೇಡ ಕಣೇ" ಎಂದರು ಭಾವ, ಗೋಡೆಯನ್ನೇ ನೋಡುತ್ತ. "ಬಸ್ಸು ಹೋಗ್ತಾ ಇದೆ."

ಅಕ್ಕನ ಕತ್ತು ಮತ್ತೆ ಮುಂದಾಯಿತು. ಸ್ವಲ್ಪ ಹೊತ್ತಿಗೆ ಭಾವನ ಕೈ ಹೆಗಲ ಮೇಲಿಂದ ಹಿಂದಕ್ಕೆ ಬಂತು, ಅದರಲ್ಲಿ ಒಂದು ಲೋಟ ಚಹಾ. ಕುಡಿದೆ. ಸೋರಿತು. ಸೋರಿದ್ದನ್ನು ಯಾರೂ ನೋಡಲಿಲ್ಲ. ಎಷ್ಟೋ ದಿನದ ಮೇಲೆ ಜನರ ಜೊತೆ ಕೂತು ಚಹಾ ಕುಡಿದೆ ಎಂದು ನನಗೆ ಅಳು ಬಂತು, ಅದನ್ನೂ ಯಾರೂ ನೋಡಲಿಲ್ಲ. ದೇವರೇ, ಆ ಗೋಣಿಯ ತಂಪಿಗೂ ಆ ಎರಡು ಬೆನ್ನುಗಳಿಗೂ ನಾನು ಎಷ್ಟು ಕೈಮುಗಿದರೂ ಸಾಲದು.

ಅಂದಿನಿಂದ ದಿನವೂ ಬಸ್ಸು ಹೊರಟಿತು. ಬೆನ್ನುಗಳ ಜೊತೆ ಮಾತಾಡುವುದು ಸುಲಭ. ಮೊದಲು ಹ್ಞೂಂ, ಊಹ್ಞೂಂ. ಆಮೇಲೆ ಪ, ಬ, ಮ ಸರಿಯಾಗಿ ಬಾರದ ತುಟಿಯಲ್ಲೇ ಅಂಗಡಿಯ ಗಿರಾಕಿಗಳ ಕತೆ. ಗೋಡೆ ಅತ್ತೆಯೂ ಮನೆ ಪಕ್ಕದ ಓಣಿಯಿಂದ ಬಂದು ಮೊದಲ ಸೀಟು ಹಿಡಿಯತೊಡಗಿದರು. ಅವರು ಬಂದು ಕೂತ ಮೇಲೆಯೇ ನಾನು ಹೊರಗೆ ಬರುತ್ತಿದ್ದೆ, ಅವರು ಏಳುವ ಮೊದಲೇ ಒಳಗೆ. ಅಕ್ಕ ಅವರಿಗೆ ಏನು ಹೇಳಿದ್ದಳೋ, ಆ ನಾಲಿಗೆಯ ಹೆಂಗಸು ಒಂದು ದಿನವೂ ಹಿಂದೆ ತಿರುಗಲಿಲ್ಲ. ಬದಲಿಗೆ ಭಾವನ ಮೇಲೆ ನಾಲಿಗೆ ಹರಿಯಬಿಟ್ಟರು.

"ಇಷ್ಟು ದೊಡ್ಡ ಮನುಷ್ಯ, ನಾಲ್ಕು ಜನ ಎದುರುಬದುರು ಕೂರ್ತಾರೆ ಅನ್ನೋದು ತಿಳೀಬಾರ್ದಾ? ಕತ್ತೆ ವಯಸ್ಸಾಯ್ತು, ಬುದ್ಧಿ ಬರ್ಲಿಲ್ಲ."

ಶೆಡ್ಡಿನ ಜೊತೆಗಾರರೂ ಒಂದು ದಿನ ನೋಡಲು ಬಂದು ಬಿದ್ದು ಬಿದ್ದು ನಕ್ಕರು. ಒಬ್ಬ ಪೆಟ್ಟಿಗೆ ಅಂಗಡಿಯಿಂದ ಸೀಟಿ ತಂದು ಊದಿದ. ಬೀದಿಯಲ್ಲಿ ಭಾವನಿಗೆ ಕಂಡಕ್ಟರ್ ಎಂದೇ ಹೆಸರಾಯಿತು. "ಏನ್ ಮಾಡೋದಪ್ಪ, ಅಭ್ಯಾಸಬಲ" ಎಂದು ಭಾವನದು ಎಲ್ಲರಿಗೂ ಅದೇ ಉತ್ತರ. ತಿರುಗಿಸಿಬಿಡಿ ಮಹಾರಾಯರೇ ಎಂದರೆ, "ಸ್ಪ್ಯಾನರ್ ಎಲ್ಲಿಟ್ಟೆನೋ" ಎನ್ನುವರು. ನನಗೂ ಅವರು ಪೆದ್ದರೇ ಅನ್ನಿಸಿತ್ತು. ಇರಲಿ, ನನಗೆ ಅನುಕೂಲವಾದ ಪೆದ್ದುತನ ಎಂದುಕೊಂಡೆ.

ಬೇಸಿಗೆ ಏರಿತು, ಸೀಬೆ ಮರ ಚಿಗುರಿತು. ನನ್ನ ಕಣ್ಣು ಅರ್ಧ ಮುಚ್ಚುವಂತಾಯಿತು. ಬಾಯಿ ಮಾತ್ರ ಇನ್ನೂ ಓರೆ. ಒಂದು ಸಂಜೆ ನಾನು ಅಂಗಡಿಯ ಕತೆಯೊಂದನ್ನು ಹೇಳಿದೆ. ಒಬ್ಬ ಗಿರಾಕಿ ಇಡೀ ಕಪಾಟು ಇಳಿಸಿ ನೋಡಿ, ಎಲ್ಲ ಬಣ್ಣವೂ ಬೇಡವೆಂದು, ಕೊನೆಗೆ ನಾನು ಉಟ್ಟಿದ್ದನ್ನೇ ತೋರಿಸಿ "ಇದನ್ನ ಪ್ಯಾಕ್ ಮಾಡಿ" ಎಂದ ಕತೆ. ಮೂವರೂ ನಕ್ಕರು. ಗೋಡೆ ಅತ್ತೆಯ ಹೆಗಲು ಕುಣಿಯಿತು. ಅಕ್ಕ ನಕ್ಕು ನಕ್ಕು ಸೀಟಿನ ಕಂಬಿ ಹಿಡಿದುಕೊಂಡಳು. ಅಕ್ಕ ಜೋರಾಗಿ ನಕ್ಕರೆ ಅವಳ ಮೂಗು ಸುಕ್ಕುಗಟ್ಟುತ್ತದೆ, ಮಗುವಿನ ಹಾಗೆ. ನನಗೆ ಕಂಡದ್ದು ಅವಳ ತುರುಬು ಮಾತ್ರ.

ಇಲ್ಲಿಗೆ ಬಂದ ಮೇಲೆ ನಾನು ನನ್ನಕ್ಕನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ನೋಡಿದರೆ ಅವಳೂ ನೋಡುತ್ತಾಳಲ್ಲ ಎಂಬ ಭಯ. ಆ ಹೊತ್ತಿಗೆ ಆ ಸುಕ್ಕು ಮೂಗನ್ನು ನೋಡಬೇಕೆಂದು ನನಗೆ ಎಂಥ ಆಸೆಯಾಯಿತೆಂದರೆ, ಬಾಯಾರಿಕೆಗೆ ನೀರು ಬೇಕಾದ ಹಾಗೆ.

"ಭಾವ, ಸೀಟು ತಿರುಗಿಸಿ" ಎಂದೆ.

ನಗು ನಿಂತಿತು. ಯಾರೂ ತಿರುಗಲಿಲ್ಲ.

"ಯಾವ ಸೀಟಮ್ಮ?" ಎಂದರು ಭಾವ ಗೋಡೆಗೆ.

"ನಿಮ್ಮವು. ನನ್ನ ಕಡೆಗೆ."

ಭಾವ ಬಗ್ಗಿ ತಮ್ಮ ಸೀಟಿನ ಕೆಳಗೆ ಕೈ ಹಾಕಿ ಸ್ಪ್ಯಾನರ್ ತೆಗೆದರು. ಹುಡುಕಲಿಲ್ಲ, ತಡಕಾಡಲಿಲ್ಲ. ಅದು ಅಲ್ಲೇ ಇತ್ತು.

"ಅಯ್ಯೋ, ಕಳೆದುಹೋಗಿತ್ತಲ್ಲ ಅದು?" ಎಂದರು ಗೋಡೆ ಅತ್ತೆ.

ಅಕ್ಕನ ದನಿ ಒದ್ದೆಯಾಗಿತ್ತು. "ಎಲ್ಲಿ ಕಳೆದುಹೋಗಿತ್ತು ಅತ್ತೆ? ಇವಳು ಮೊದಲನೇ ಸಲ ಬಂದು ಕೂತ್ಲಲ್ಲ, ಅವತ್ತು ಚಹಾ ಕುಡಿದು ತಿರುಗಿಸ್ಬಿಡ್ತೀನಿ ಅಂತ ತಂದಿಟ್ಕೊಂಡಿದ್ರು. ಹಿಂದೆ ಸ್ಪ್ರಿಂಗು ಕಿರ್ ಅಂತು. ಕಾಲಲ್ಲೇ ಸೀಟಿನ ಕೆಳಗೆ ತಳ್ಳಿದ್ರು. ಅವತ್ತಿಂದ ಮುಟ್ಟಿಲ್ಲ. ನೀವೆಲ್ಲ ಅಷ್ಟು ನಕ್ರಿ, ಒಂದು ಮಾತು ಆಡ್ಲಿಲ್ಲ."

ಇಡೀ ಬೇಸಿಗೆ ಬೀದಿಗೆ ಬೀದಿಯೇ ಪೆದ್ದ ಎಂದು ನಕ್ಕಾಗ, ನಾನು ಹೊರಗೆ ಬರಲು ಒಂದು ಜಾಗ ಇರಲಿ ಎಂದು ಆ ಮನುಷ್ಯ ಪೆದ್ದನಾಗಿಯೇ ಕೂತಿದ್ದರು.

ಬೋಲ್ಟಿಗೆ ತುಕ್ಕು ಹಿಡಿದಿತ್ತು. ಭಾವ ಒಳಗಿನಿಂದ ಗ್ರೀಸು ತಂದು ಹಚ್ಚಿದರು, ಬರುವಾಗಲೂ ಹೋಗುವಾಗಲೂ ತಲೆ ತಗ್ಗಿಸಿಯೇ ಇದ್ದರು. ಸೀಟುಗಳು ಒಂದೊಂದಾಗಿ ತಿರುಗಿದವು. ನಾನು ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡೆ. ಅಕ್ಕ ನನ್ನ ಎದುರು ಕೂತು ನೋಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಮೂಗಂತೂ ಸುಕ್ಕಾಗಿತ್ತು. ಗೋಡೆ ಅತ್ತೆ ಕನ್ನಡಕ ಏರಿಸಿ ಚೆನ್ನಾಗಿಯೇ ನೋಡಿ, "ಇಷ್ಟೇನಾ? ನಾನು ಏನೇನೋ ಅಂದ್ಕೊಂಡು ನಿದ್ದೆ ಕೆಡಿಸ್ಕೊಂಡಿದ್ದೆ" ಎಂದು ಬೈದರು.

ಭಾವ ಕೊನೆಯ ಬೋಲ್ಟನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಗಿದು, ಎದ್ದು, ಎದುರಿನ ಸೀಟಿನಲ್ಲಿ ಕೂತರು. ಆಮೇಲೆ ತಲೆಯೆತ್ತಿದರು. ನನ್ನ ಮುಖ ನೋಡಿದ್ದೇ ಅವರ ಕಣ್ಣು ತುಂಬಿತು. ಗ್ರೀಸಾದ ಕೈಯಲ್ಲೇ ಒರೆಸಿಕೊಂಡರು. ಕೆನ್ನೆ, ಮೂಗು, ಹಣೆ ಎಲ್ಲ ಕಪ್ಪಾಯಿತು. ನನಗೆ ತಡೆಯಲಾಗಲಿಲ್ಲ, ಬಾಯಿ ಬಲಕ್ಕೆ ಓಡಿದರೆ ಓಡಲಿ ಎಂದು ನಕ್ಕುಬಿಟ್ಟೆ.

"ಅಯ್ಯೋ ಭಾವ, ನಿಮ್ಮ ಮುಖ ನೋಡೋ ಹಾಗಿಲ್ಲ!"

"ಪರವಾಗಿಲ್ಲ ಕಣಮ್ಮ," ಎಂದರು ಭಾವ. "ನೋಡು."