ಹಿಂದಿನ ಸೀಟಿನ ಸಾಕ್ಷಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಭಾವನ ಮೋಟಾರ್ ಸೈಕಲಿನ ಬಣ್ಣ ಕಡು ಹಸಿರು ಎಂದು ಬರೆದು, ಯಾಕೋ ಅನುಮಾನ ಬಂದು, ಅಂಗಳಕ್ಕಿಳಿದು ನೋಡಿದೆ. ನೀಲಿ. ಮೊದಲಿನಿಂದಲೂ ನೀಲಿಯೇ ಅಂತೆ. ದಿನವೂ ಶಾಲೆಗೆ ಹೋಗುವಾಗ ಸೀರೆಗೆ ಗ್ರೀಸ್ ತಾಗದ ಹಾಗೆ ಅದರ ಪಕ್ಕದಿಂದಲೇ ದಾಟಿಹೋಗುವವಳು ನಾನು. ಬಣ್ಣದ ವಿಷಯದಲ್ಲೇ ನನ್ನ ನೆನಪು ಹೀಗಿರುವಾಗ, ಆ ಗಾಡಿ ನಡುಗುತ್ತದೋ ಇಲ್ಲವೋ ಎಂಬುದಕ್ಕೆ ನನ್ನನ್ನು ಸಾಕ್ಷಿ ಮಾಡಿದವರಿಗೆ ಏನು ಹೇಳೋಣ?

ಆದರೂ ಮಾಡಿದರು. ನಾನು ಚರಿತ್ರೆಯಲ್ಲಿ ಎಂ.ಎ. ಮಾಡಿದವಳಾದ್ದರಿಂದ ಎರಡೂ ಕಡೆಯ ಮಾತು ಕೇಳಿ ತೂಗಿ ನೋಡುವುದು ನನಗೆ ಬರುತ್ತದೆ ಎಂದು ಮನೆಯಲ್ಲೊಂದು ನಂಬಿಕೆ. ಮನೆ ಎಂದರೆ ಗಡಿನಾಡಿನ ಉಪ್ಪಳದಲ್ಲಿರುವ ಅಕ್ಕನ ಮನೆ. ನಾನು ಕಲಿಸುವ ಶಾಲೆಗೆ ಹತ್ತಿರವೆಂದು ಅಲ್ಲೇ ಇದ್ದೇನೆ. ಭಾವ ಬಹಳ ವರ್ಷ ಗಲ್ಫಿನಲ್ಲಿದ್ದು ಈಗ ಪೂರ್ತಿಯಾಗಿ ಊರಿಗೆ ಬಂದಿದ್ದಾರೆ. ಅಲ್ಲಿದ್ದಷ್ಟೂ ಕಾಲ ಫೋನಿನಲ್ಲಿ ಅಕ್ಕನಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು, ಊರಿಗೆ ಬಂದ ಮೇಲೆ ನಾನೇ ಒಂದು ಗಾಡಿ ಕಟ್ಟುತ್ತೇನೆ, ಸಂಜೆ ಹೊತ್ತು ನಾವಿಬ್ಬರೂ ಸುತ್ತುವ.

ಮನೆ ಕಟ್ಟುತ್ತೇನೆ ಎಂದವರು ಉಪ್ಪಳದಲ್ಲಿ ಬೇಕಾದಷ್ಟು ಜನ ಇದ್ದಾರೆ, ಕಟ್ಟಿಯೂ ಇದ್ದಾರೆ. ಗಾಡಿ ಕಟ್ಟುತ್ತೇನೆ ಎಂದದ್ದು ಭಾವ ಒಬ್ಬರೇ. ಬಂದವರೇ ತಮ್ಮ ತಂದೆಯ ಹಳೆಯ ಮೋಟಾರ್ ಸೈಕಲಿನಿಂದ ಎಂಜಿನ್ ಇಳಿಸಿದರು. ಮುಂದಿನ ಚಕ್ರ ಮಂಗಳೂರಿನ ಗುಜರಿಯಿಂದ ಬಂತು. ಹಿಂದಿನ ಅಗಲ ಚಕ್ರ ಕೊಯಮತ್ತೂರಿನಿಂದ ಬಸ್ಸು ಹತ್ತಿ ಬಂತು. ಹಿಂದೆ ಒಬ್ಬರು ಆರಾಮವಾಗಿ ಕೂರಬೇಕೆಂದು ಚಾಸಿಯ ಚೌಕಟ್ಟಿಗೆ ಪೈಪು ಬೆಸೆದು ಉದ್ದ ಮಾಡಿ, ಅದರ ಮೇಲೆ ದಪ್ಪ ಸೀಟು ಕೂರಿಸಿದರು. ಅಷ್ಟಕ್ಕೆಲ್ಲ ಆರ್‌ಟಿಓ ಆಫೀಸಿನಲ್ಲಿ ಒಪ್ಪಿಗೆ ಸಿಗಲು ಗಾಡಿ ಕಟ್ಟಿದ್ದಕ್ಕಿಂತ ಹೆಚ್ಚು ಸಮಯ ಹೋಯಿತು. ಈ ಎಲ್ಲದರಲ್ಲಿ ಅವರ ಜೊತೆಗಿದ್ದದ್ದು ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಮೆಕ್ಯಾನಿಕ್ ಹಮೀದ್.

ಅಕ್ಕ ಹೊಸ ಚೂಡಿದಾರ ಹಾಕಿಕೊಂಡು ಹಿಂದೆ ಕೂತಳು. ಒಂದೆರಡು ಸಂಜೆ ಹೋಗಿ ಬಂದಳು. ಆಮೇಲೆ ಕೂರಲಿಲ್ಲ.

"ನಡುಗ್ತದೆ. ನನ್ನಿಂದಾಗುದಿಲ್ಲ."

"ಓಡಿಸುವವ ನಾನು. ನನಗೆ ಗೊತ್ತಾಗದ ನಡುಕ ನಿನಗೆ ಎಲ್ಲಿಂದ ಬಂತು?"

"ನೀವು ಮುಂದೆ ಕೂತಿರ್ತೀರಿ, ಅದಕ್ಕೆ ಗೊತ್ತಾಗುದಿಲ್ಲ."

ಇಷ್ಟೇ ಆಗಿದ್ದರೆ ನಾನು ನಡುವೆ ಹೋಗುತ್ತಿರಲಿಲ್ಲ. ಒಂದು ಭಾನುವಾರ ಭಾವ ಅಂಗಳದಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದರು. ನಾನು ಬಟ್ಟೆ ಒಣಗಿಸುತ್ತಿದ್ದೆ. ತಲೆ ಎತ್ತದೆ ಅವರು ಕೇಳಿದರು, "ನಡುಗುದು ಗಾಡಿಯೇ ಹೌದಾ? ಅಲ್ಲ ಅವಳಿಗೆ ನನ್ನೊಟ್ಟಿಗೆ ಬರ್ಲಿಕ್ಕೆ ಮನಸ್ಸಿಲ್ವಾ? ಇಷ್ಟು ವರ್ಷ ಒಬ್ಬಳೇ ಇದ್ದು ಅಭ್ಯಾಸ ಆಗಿದೆ ಅವಳಿಗೆ. ನೀನೊಮ್ಮೆ ಕೂತು ನೋಡಿ ಹೇಳು ಟೀಚರೆ. ನಡುಕ ಉಂಟಾದ್ರೆ ರಿಪೇರಿ ಮಾಡುವ. ಇಲ್ಲಾಂದ್ರೆ ಈ ಗಾಡಿ ಯಾರಿಗಾದ್ರೂ ಕೊಟ್ಟುಬಿಡ್ತೇನೆ, ನನಗ್ಯಾಕೆ?"

ನೋಡಿ ನನ್ನ ಪಾಡು. ಗಾಡಿ ಸರಿಯಾಗಿದೆ ಎಂದು ನಾನು ಹೇಳಿದರೆ ಗಾಡಿ ಹೋಗುತ್ತದೆ, ಅದರ ಜೊತೆಗೆ ಇನ್ನೇನೋ ಹೋಗುತ್ತದೆ. ಕೆಟ್ಟಿದೆ ಎಂದರೆ ಎರಡೂ ಉಳಿಯುತ್ತವೆ. ಇಂಥ ಸಾಕ್ಷಿಯ ಮಾತನ್ನು ಎಷ್ಟು ನಂಬಬೇಕೆಂದು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ರಾಜನ ಖರ್ಚಿನಲ್ಲಿ ಊಟ ಮಾಡಿದವನು ಬರೆದ ಶಾಸನವನ್ನು ಓದುವಾಗ ಸ್ವಲ್ಪ ಹುಷಾರಾಗಿರಬೇಕು ಎನ್ನುತ್ತೇನೆ. ನಾನು ಅಕ್ಕನ ಮನೆಯಲ್ಲಿ ಮೂರು ಹೊತ್ತೂ ಊಟ ಮಾಡುವವಳು.

ಕೂತೆ. ಹೆದ್ದಾರಿಯ ಪಕ್ಕದ ಹೊಸ ಸರ್ವಿಸ್ ರಸ್ತೆಯಲ್ಲಿ ಭಾವ ಮೊದಲು ನಿಧಾನಕ್ಕೆ, ಆಮೇಲೆ ಸ್ವಲ್ಪ ಜೋರಾಗಿ ಬಿಟ್ಟರು. ಆ ರಸ್ತೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಹೆದ್ದಾರಿಯ ಕೆಲಸ ನಡೆಯುತ್ತಿದ್ದಷ್ಟು ಕಾಲ ನಮ್ಮಲ್ಲಿ ಬಸ್ಸು, ರಿಕ್ಷಾ, ಸ್ಕೂಟರು, ಅದರೊಳಗಿನ ಜನ ಎಲ್ಲವೂ ನಡುಗುತ್ತಿತ್ತು. ಯಾರ ಗಾಡಿ ಕೆಟ್ಟಿದೆ, ಯಾರದ್ದು ಸರಿಯಿದೆ ಎಂದು ಹೇಳುವ ಹಾಗೆಯೇ ಇರಲಿಲ್ಲ, ತಪ್ಪೆಲ್ಲ ರಸ್ತೆಯ ತಲೆಗೆ. ಈಗ ರಸ್ತೆ ನುಣ್ಣಗಾಗಿದೆ. ಪಾಪ, ಇನ್ನು ಗಾಡಿಗಳು ತಮ್ಮ ತಮ್ಮ ದೋಷವನ್ನು ತಾವೇ ಹೊರಬೇಕು. ದೂರದಲ್ಲಿದ್ದು ಫೋನಿನಲ್ಲೇ ಸಂಸಾರ ಮಾಡಿದವರು ಒಂದೇ ಮನೆಯಲ್ಲಿ ಇರತೊಡಗಿದಾಗಲೂ ಸುಮಾರು ಹೀಗೇ ಆಗುತ್ತದೋ ಏನೋ. ಮದುವೆಯಾಗದವಳು ನಾನು, ಹೆಚ್ಚು ಹೇಳಬಾರದು.

ನಡುಗಿತೇ? ನಡುಗಿತು ಎಂದು ಅನಿಸಿತು. ಆದರೆ ಅಕ್ಕ ಹೇಳಿದ್ದು ಮೊದಲೇ ನನ್ನ ಕಿವಿಯಲ್ಲಿತ್ತಲ್ಲ, ಅದು ಕಾಲಿನವರೆಗೆ ಇಳಿದುಬಂದಿರಲೂಬಹುದು. ಆ ದಿನದ ಡೈರಿಯಲ್ಲಾದರೂ ಸರಿಯಾಗಿ ಬರೆದಿದ್ದೇನೆಯೇ ಎಂದು ತೆಗೆದು ನೋಡಿದೆ. "ಭಾವನ ಜೊತೆ ಬೈಕಿನಲ್ಲಿ. ಗಾಳಿ. ವಾಪಸ್ ಬರುವಾಗ ಗೋಳಿಬಜೆ" ಎಂದಷ್ಟೇ ಇದೆ. ಗೋಳಿಬಜೆ ಬಿಸಿಯಾಗಿತ್ತು ಎಂಬುದು ಮಾತ್ರ ಖಂಡಿತ ನೆನಪಿದೆ.

ಅಲ್ಲಿಂದ ಸೀದಾ ಹಮೀದನ ಗ್ಯಾರೇಜಿಗೆ. ಆತ ಕೈ ಒರೆಸಿಕೊಳ್ಳುತ್ತ ಡಾಕ್ಟರರ ಹಾಗೆ ವಿಚಾರಣೆ ಶುರುಮಾಡಿದ. "ಹೇಗೆ ಆಗುದು ಟೀಚರೆ? ಸಣ್ಣಕ್ಕೆ ಅದುರುದಾ, ಆಚೀಚೆ ಅಲ್ಲಾಡುದಾ, ಒಂದು ಬದಿಗೆ ಎಳೆಯುದಾ, ಮೇಲೆ ಕೆಳಗೆ ಕುಣಿಯುದಾ?"

ನಡುಕದಲ್ಲಿ ಇಷ್ಟು ಜಾತಿ ಇದೆ ಎಂದು ನನಗೆ ತಿಳಿದಿರಲಿಲ್ಲ. ಅಲ್ಲಾಡಿದರೆ ಬೇರಿಂಗ್ ಸವೆದಿರಬೇಕು. ಎಳೆದರೆ ಎರಡು ಚಕ್ರ ಒಂದೇ ಗೆರೆಯಲ್ಲಿಲ್ಲ. ಕುಣಿದರೆ ರಿಮ್ಮು ವಕ್ರ. ಒಂದೊಂದು ಉತ್ತರಕ್ಕೂ ಒಂದೊಂದು ಸ್ಪ್ಯಾನರ್ ಕಾಯುತ್ತಿತ್ತು.

"ಅದುರುದು" ಎಂದೆ. ನಾಲ್ಕರಲ್ಲಿ ಅದೇ ಸಣ್ಣ ಅಪರಾಧ ಎಂದು ಕಂಡಿತ್ತು.

ಹಮೀದನ ಮುಖ ಸಣ್ಣದಾಯಿತು. "ಅದುರುದಾದ್ರೆ ಕಷ್ಟ. ಎಲ್ಲಿಂದ ಬೇಕಾದ್ರೂ ಬರ್ತದೆ ಅದು."

ನನ್ನ ಆ ಒಂದು ಮಾತಿನ ಮೇಲೆ ಇಡೀ ಗಾಡಿ ಬಿಚ್ಚಲ್ಪಟ್ಟಿತು. ಹಮೀದ್ ಮುಂದಿನ ಚಕ್ರವನ್ನು ನೆಲದಿಂದೆತ್ತಿ, ಗಿರ್ರನೆ ತಿರುಗಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದ. ಒಂದೇ ಕಡೆ ಗೆರೆ ಬಿತ್ತು. ಅಲ್ಲಿ ಸ್ವಲ್ಪ ವಕ್ರ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ಕಿವಿಗೊಟ್ಟ. ಬಿಗಿ ಇದ್ದದ್ದು ಟಿಣ್ ಎಂದಿತು, ಸಡಿಲ ಇದ್ದದ್ದು ಟಪ್ ಎಂದಿತು. ಹಿಂದಿನ ಚಕ್ರದ ಎರಡೂ ಬದಿಯಿಂದ ಮುಂದಿನ ಚಕ್ರದವರೆಗೆ ನೂಲು ಎಳೆದು ನೋಡಿದಾಗ ಒಂದು ಬದಿಯ ಸಂದು ಇನ್ನೊಂದಕ್ಕಿಂತ ಬೆರಳಗಲ ಹೆಚ್ಚಿತ್ತು. ನೋಡಿದಲ್ಲೆಲ್ಲ ಸ್ವಲ್ಪ ಸ್ವಲ್ಪ ದೋಷ. ಆದರೆ ಯಾವುದೂ ಇದೇ ಎನ್ನುವಷ್ಟು ದೊಡ್ಡದಲ್ಲ. ಹಮೀದನಿಗೂ ಗೊಂದಲ, ಭಾವನಿಗೂ ಗೊಂದಲ.

"ಮುಂದಿನದ್ದು ಮಂಗಳೂರು, ಹಿಂದಿನದ್ದು ಕೊಯಮತ್ತೂರು, ಎಂಜಿನ್ ನಿನ್ನ ಅಪ್ಪನದ್ದು," ಎಂದ ಹಮೀದ್. "ನಮ್ಮ ಊರಿನ ಹಾಗೆಯೇ ಮಾರಾಯ, ಒಬ್ಬೊಬ್ಬನದ್ದು ಒಂದೊಂದು ಭಾಷೆ."

"ಊರಿನಲ್ಲಿ ಎಲ್ಲ ಹೊಂದಿಕೊಂಡು ಹೋಗುದಿಲ್ವಾ?"

"ಹೋಗ್ತದೆ. ನಡುಗಿಕೊಂಡು."

ನಮ್ಮ ಕಡೆಯಲ್ಲಿ ನಡುಕಕ್ಕೆ ಒಂದು ಮರ್ಯಾದೆಯೂ ಇದೆ. ಭೂತಕೋಲದ ದಿನ ಪಾತ್ರಿಯ ಮೈಮೇಲೆ ದೈವದ ದರ್ಶನ ಬಂದಾಗ ಮೈಯೆಲ್ಲ ಅದುರುತ್ತದೆ. ಸುತ್ತ ನಿಂತವರು ಕೈಮುಗಿಯುತ್ತಾರೆ, ಇದು ನಿಜವೇ ಎಂದು ಯಾರೂ ನೂಲು ಹಿಡಿದು ಅಳೆಯುವುದಿಲ್ಲ. ಒಳಗೆ ಆಗುವುದು ಒಳಗಿದ್ದವನಿಗೆ ಗೊತ್ತು ಎಂದು ಬಿಟ್ಟುಬಿಡುತ್ತೇವೆ. ಆದರೆ ಹೆಂಗಸು ಒಬ್ಬಳು ನನಗೆ ನಡುಗುತ್ತದೆ ಎಂದರೆ ಮಾತ್ರ ಸಾಕ್ಷಿ ಬೇಕಾಗುತ್ತದೆ, ಅದೂ ಎಂ.ಎ. ಆದ ಸಾಕ್ಷಿ. ಇದನ್ನು ಆಗಲೇ ಯೋಚಿಸಿದೆನೋ ಈಗ ಬರೆಯುವಾಗ ಹೊಳೆಯಿತೋ ತಿಳಿಯದು. ಆಗ ಹೊಳೆದಿದ್ದರೆ ಬಾಯಿಬಿಟ್ಟು ಹೇಳಬೇಕಿತ್ತು.

ರಿಮ್ಮು ನೇರವಾಯಿತು, ಕಡ್ಡಿ ಬಿಗಿಯಾಯಿತು, ಬೇರಿಂಗ್ ಬದಲಾಯಿತು, ಚಕ್ರಗಳು ಒಂದೇ ಗೆರೆಗೆ ಬಂದವು. ಭಾವ ಒಂದು ಸುತ್ತು ಹೋಗಿ ಬಂದು, "ಈಗ ಬೆಣ್ಣೆ," ಎಂದರು. ಅಕ್ಕ ಮತ್ತೆ ಹೆಲ್ಮೆಟ್ ಹಾಕಿದಳು. ಇಬ್ಬರೂ ಮಂಜೇಶ್ವರದ ಕಡೆಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅಕ್ಕ ಒಬ್ಬಳೇ ರಿಕ್ಷಾದಲ್ಲಿ ಬಂದಳು. ಅದರ ಹಿಂದೆಯೇ ಭಾವ ಗಾಡಿಯಲ್ಲಿ ಬಂದರು. ರಿಕ್ಷಾವನ್ನು ಹಿಂದೆ ಹಾಕಲು ಮನಸ್ಸಾಗಲಿಲ್ಲವೇನೋ, ಉದ್ದಕ್ಕೂ ಅದರ ಬಾಲ ಹಿಡಿದುಕೊಂಡೇ ಬಂದಿದ್ದರು. ಆ ರಾತ್ರಿ ಊಟಕ್ಕೆ ಕೂತವರಲ್ಲಿ ಮಾತಾಡಿದ್ದು ನಾನೊಬ್ಬಳೇ. ಏನು ಮಾತಾಡಿದೆ ಎಂದು ನೆನಪಿಲ್ಲ, ಬಹುಶಃ ಪರೀಕ್ಷೆಯ ವಿಷಯ. ಕೈತೊಳೆದು ಬಂದ ಭಾವ ಯಾರನ್ನೂ ನೋಡದೆ, "ಗಾಡಿಗೆ ಪಾರ್ಟಿ ಬಂದ್ರೆ ಕೊಡುದೇ," ಎಂದರು.

ಅಕ್ಕ ಬಟ್ಟಲು ಎತ್ತುತ್ತಿದ್ದವಳು ನಿಂತಳು. "ಕೊಡುವ ಮೊದಲು ಒಂದು ಸಲ ನೀವು ಹಿಂದೆ ಕೂತುಕೊಳ್ಳಿ. ನಾನು ಓಡಿಸ್ತೇನೆ."

ಇಲ್ಲೊಂದು ವಿಷಯ ಹೇಳಲು ಬಿಟ್ಟುಹೋಗಿದೆ. ಭಾವ ಊರಲ್ಲಿ ಇಲ್ಲದ ವರ್ಷಗಳಲ್ಲಿ, ಅಕ್ಕನ ಮಾವನವರ ಹಳೆಯ ಗಾಡಿ ನಿಂತು ಹಾಳಾಗಬಾರದೆಂದು ಅದನ್ನು ಆಗಾಗ ಸ್ಟಾರ್ಟ್ ಮಾಡಿ ರೈಲ್ವೇ ಸ್ಟೇಷನ್ನಿನವರೆಗೆ ಓಡಿಸಿಕೊಂಡು ಬರುತ್ತಿದ್ದವಳು ಅಕ್ಕ. ಆ ಎಂಜಿನ್ನಿನ ಪರಿಚಯ ಅವಳಿಗೆ ಭಾವನಿಗಿಂತ ಹೆಚ್ಚು ಇದ್ದಿರಬೇಕು. ನಮಗೆಲ್ಲ ಇದು ಗೊತ್ತಿತ್ತು. ಆದರೂ ಚಕ್ರ, ಕಡ್ಡಿ, ನೂಲು, ನಾನು, ಇಷ್ಟೆಲ್ಲವನ್ನೂ ಪರೀಕ್ಷೆ ಮಾಡಿದ ಮೂರು ತಲೆಗಳಲ್ಲಿ ಒಂದಕ್ಕೂ ಯಜಮಾನನನ್ನು ಹಿಂದೆ ಕೂರಿಸಬಹುದು ಎಂದು ಹೊಳೆಯಲಿಲ್ಲ. ಹಿಂದಿನ ಸೀಟು ಗಾಡಿಯದ್ದೇ ಒಂದು ಭಾಗ ಎಂದು ನಮಗೆ ಲೆಕ್ಕಕ್ಕೆ ಬಂದಿರಲಿಲ್ಲ.

"ಜನ ನೋಡ್ತಾರೆ ಮಾರಾಯ್ತಿ," ಎಂದರು ಭಾವ.

"ನೋಡ್ಲಿ. ನಾನು ಹಿಂದೆ ಕೂತದ್ದನ್ನೂ ಜನ ನೋಡಿದ್ದಾರೆ."

ಮರುದಿನ ಬೆಳಿಗ್ಗೆ ಹೊರಟರು. ಭಾವ ಹೆಲ್ಮೆಟ್ಟಿನ ಗಾಜನ್ನು ಅಂಗಳದಲ್ಲೇ ಇಳಿಸಿಕೊಂಡಿದ್ದರು. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮೊದಲು ತಮ್ಮ ಮೊಣಕಾಲಿನ ಮೇಲಿಟ್ಟರು, ಆಮೇಲೆ ಸೀಟಿನ ಅಂಚು ಹಿಡಿದರು. ಗೇಟು ದಾಟುವಾಗ ಗಾಡಿ ಒಮ್ಮೆ ಮುಗ್ಗರಿಸಿತು, ಕೈ ತಾನಾಗಿ ಅಕ್ಕನ ಹೆಗಲಿಗೆ ಹೋಯಿತು. ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಇದು ತಪ್ಪು ನೆನಪಲ್ಲ, ಹಾಗೆಂದುಕೊಂಡಿದ್ದೇನೆ.

ಹಿಂತಿರುಗಿ ಬಂದು ಭಾವ ಇಳಿದರು. ಹೆಲ್ಮೆಟ್ ತೆಗೆದು, "ಹೌದು. ಕಾಲಿಂದ ಹತ್ತಿ ಹಲ್ಲಿನವರೆಗೆ ಬರ್ತದೆ," ಎಂದರು. ಅಕ್ಕ ಕೀಲಿಕೈ ಕೊಟ್ಟು ದೋಸೆ ಹೊಯ್ಯಲು ಒಳಗೆ ಹೋದಳು. ನಾನು ಹೇಳಿದ್ದೆನಲ್ಲ ಎಂಬ ಮಾತನ್ನು ಅವಳು ಆಡಿಯಾಳೆಂದು ಕಾದೆ. ಆಡಲಿಲ್ಲ.

ಹಮೀದ್ ತನ್ನ ಅಕ್ಕನ ಮಗಳ ಮದುವೆಗೆಂದು ಅಂಗಡಿ ಮುಚ್ಚಿ ಹೋಗಿದ್ದ. ಫೋನಿನಲ್ಲೇ ಹೇಳಿದ, "ಹಾಗಾದ್ರೆ ಅದು ಚಕ್ರದ್ದಲ್ಲ ಮಾರಾಯ. ನಾವು ಹಿಂದೆ ಸೇರಿಸಿದ ಪೈಪಿನದ್ದು. ನಿನ್ನ ಹ್ಯಾಂಡಲಿಗೆ ಅಡಿಯಲ್ಲಿ ರಬ್ಬರ್ ಕೊಟ್ಟಿದ್ದೇವೆ, ಹಿಂದೆ ಕೂರುವವರ ಕಾಲಿನ ಅಡಿಗೆ ಕೊಡ್ಲಿಲ್ಲ. ಅಪಾಯ ಎಂತ ಇಲ್ಲ, ನಿಧಾನಕ್ಕೆ ಓಡಿಸು. ರಬ್ಬರ್ ತರಿಸುವ." ಇದಾದರೂ ಸರಿಯಾದ ಕಾರಣವೇ, ಅಥವಾ ಸಾಕ್ಷಿ ಬದಲಾದ್ದರಿಂದ ಕಾರಣವೂ ಬದಲಾಯಿತೇ, ನನಗೆ ಈಗಲೂ ಖಚಿತವಿಲ್ಲ.

ಆ ದಿನ ಸಂಜೆ ನಾನು ಶಾಲೆಯಿಂದ ಬರುವಾಗ ಗೇಟಿನಲ್ಲಿ ಎದುರಾದರು. ಭಾವ ಮುಂದೆ, ಅಕ್ಕ ಹಿಂದೆ. ಗಾಡಿಯ ಒಂದು ಬೋಲ್ಟಿಗೂ ಆ ಹೊತ್ತಿಗೆ ಯಾರೂ ಕೈ ಹಾಕಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಬಂಗುಡೆ ಮೀನು ಹಿಡಿದುಕೊಂಡು ಬಂದರು. ಮಾರನೆಯ ದಿನವೂ ಹೋದರು.

ರಬ್ಬರ್ ಬಂದು ಬಹಳ ದಿನ ಆಯಿತು. ಟಿ.ವಿ.ಯ ಪಕ್ಕದಲ್ಲಿ ಅದರ ಕಟ್ಟು ಬಿಚ್ಚದೆ ಇದೆ. ಧೂಳು ಒರೆಸುವಾಗ ಅಕ್ಕ ಅದನ್ನೆತ್ತಿ, ಅಡಿಯಲ್ಲಿ ಒರೆಸಿ, ಮತ್ತೆ ಅಲ್ಲೇ ಇಡುತ್ತಾಳೆ. ಹಾಕಿಸುವುದಿಲ್ಲವೇ ಎಂದರೆ ಭಾವ, "ಹಾಕುವ, ಅರ್ಜೆಂಟ್ ಎಂತ?" ಎನ್ನುತ್ತಾರೆ. ಇಬ್ಬರೂ ಪ್ರತಿ ಸಂಜೆ ಹೋಗುತ್ತಾರೆ, ಅಕ್ಕ ರಿಕ್ಷಾದಲ್ಲಿ ಬಂದದ್ದನ್ನು ನಾನು ಮತ್ತೆ ನೋಡಿಲ್ಲ. ಎರಡೂ ಕಡೆಯ ಮಾತು ಕೇಳಿ ತೂಗಬೇಕಾದವಳಿಗೆ ಒಂದು ಕಡೆಯ ಮಾತೂ ಸಿಗುತ್ತಿರಲಿಲ್ಲ. ಮೊನ್ನೆ ಅವಳು ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದಾಗ ತಡೆಯಲಾರದೆ ನಾನೇ ಹತ್ತಿರ ಹೋದೆ. ಅವಳು ಕತ್ತಿಯನ್ನು ತೊಳೆದಳು, ಮೀನಿಗೆ ಉಪ್ಪು ಹಚ್ಚಿದಳು.

"ಅಕ್ಕ, ಈಗ ಅದು ನಡುಗುದಿಲ್ವಾ?"

"ನಡುಗ್ತದೆ," ಎಂದಳು ಅಕ್ಕ, "ಆದ್ರೆ ಈಗ ಅವರಿಗೂ ಗೊತ್ತುಂಟಲ್ಲ."