ಪಂತುನಿನಲ್ಲಿ ಯಜಮಾನರ ಹೆಸರು

ಅರವತ್ತೆರಡನೇ ವಯಸ್ಸಿಗೆ ನಾನು ಮಲಯ್ ಭಾಷೆ ಕಲಿಯಲು ಕೂತಾಗ ಯಜಮಾನರು ನಕ್ಕರು. "ಮಲೇಶಿಯಾದ ಮಲಕ್ಕಾಕ್ಕ ನಾಕ ದಿನ ಹೋಗಿ ಬಂದಿ. ಅಷ್ಟಕ್ಕ ಇಷ್ಟೆಲ್ಲ ಬೇಕೇನು?"

ಬೇಕಿತ್ತು. ಅಲ್ಲಿ ಒಂದು ಮದುವೆಮನೆ ಬಾಗಿಲಲ್ಲಿ ಗಂಡಿನ ಕಡೆಯವರು ಪದ್ಯ ಹೇಳಿ ಒಳಗೆ ಬರಲು ಅಪ್ಪಣೆ ಕೇಳಿದರು. ಹೆಣ್ಣಿನವರು ಪದ್ಯದಲ್ಲೇ ಕೊಂಕು ತೆಗೆದರು. ಅದನ್ನು ನೋಡಿ ಮರುಳಾಗಿ ಬಂದಿದ್ದೆ. ಆ ನಾಲ್ಕು ಸಾಲಿನ ಪದ್ಯಕ್ಕೆ ಪಂತುನ್ ಎನ್ನುತ್ತಾರೆ. ಮೊದಲೆರಡು ಸಾಲಿನಲ್ಲಿ ಕಣ್ಣಿಗೆ ಕಂಡದ್ದು, ಕೊನೆಯೆರಡರಲ್ಲಿ ಮನಸ್ಸಿನ ಮಾತು.

ಪ್ರತಿ ಶನಿವಾರ ಬೆಳಿಗ್ಗೆ ಪುಣೆಯ ಖಡಕಿಯ ನಮ್ಮ ಮನೆಯಲ್ಲಿ ಮೊಬೈಲ್ ಮುಂದೆ ಪಾಠಕ್ಕೆ ಕೂರುತ್ತಿದ್ದೆ. ಗುರುಗಳು ಮಲಕ್ಕಾದ ಅಜ್ಜಿ, ಎಂಬತ್ತು ದಾಟಿದವರು; ಹಳೆಯ ಕಾವ್ಯಗಳನ್ನು ತಾವೂ ಈಗಲೂ ಒಬ್ಬ ಗುರುಗಳ ಬಳಿ ಓದುತ್ತಾರಂತೆ. ಪಾಠ ಇಂಗ್ಲಿಷಿನಲ್ಲಿ, ಬೈಗುಳವೂ ಅದರಲ್ಲೇ. ಒಳ್ಳೆಯ ಪಂತುನಿಗೆ ಪಂತುನಿನಲ್ಲೇ ಉತ್ತರ ಕೊಡುವುದು ಅವರ ರೂಢಿ. ನನಗೆ ಎರಡು ವರ್ಷ ಸಿಕ್ಕಿದ್ದು ಬರೀ ತಿದ್ದುಪಡಿ. ಒಂದೇ ಒಂದು ಮರುಪದ್ಯ ಪಡೆದೇ ತೀರಬೇಕೆಂದು ಹಟಕ್ಕೆ ಬಿದ್ದಿದ್ದೆ.

ಒಮ್ಮೆ ಅವರು ಕನ್ನಡಕ ಸರಿಸಿ ಕೇಳಿದರು: "ನಿಮ್ಮ ಪ್ರತಿ ಪದ್ಯದ ಕೊನೆಗೂ ಬರುವ ಈ ಗಂಡಸು ಯಾರು?"

ನಾಚಿಕೆಯಾಯಿತು. ನಾನು ಧಾರವಾಡದವಳು, ಮದುವೆಯಾದಂದಿನಿಂದ ಗಂಡನ ಹೆಸರನ್ನು ನೇರವಾಗಿ ಹೇಳದೆ, ಪ್ರಾಸ ಕಟ್ಟಿದ ಒಡಪಿನಲ್ಲಷ್ಟೇ ಹೇಳಿದವಳು. ಪುಣೆಗೆ ಬಂದಮೇಲೆ ಅರಿಶಿನ ಕುಂಕುಮಕ್ಕೆ ಹೋದಲ್ಲಿ ಮರಾಠಿಯಲ್ಲೂ ಹೇಳಿದ್ದೇನೆ. ಪ್ರಾಸ ಕೂಡಿತೆಂದರೆ ಕೈ ತಾನಾಗಿ ಅವರ ಹೆಸರು ಬರೆಯುತ್ತಿತ್ತು.

ಇದನ್ನೆಲ್ಲ ಹೇಳಿದಾಗ ಅಜ್ಜಿ ಮನಸಾರೆ ನಕ್ಕರು. "ಅವರೇ ಪದ್ಯದೊಳಗಿದ್ದರೆ ಹೆಸರು ಯಾಕೆ?"

ಪಾಠ ಮುಗಿಸಿ ಅಡುಗೆಮನೆಗೆ ಹೋದೆ. ಶನಿವಾರ ರೊಟ್ಟಿ ಬಡಿಯುವುದು ಯಜಮಾನರ ಪಾಳಿ. ಹರಿದದ್ದನ್ನು ತಮ್ಮ ತಟ್ಟೆಗೆ ಹಾಕಿಕೊಂಡು ಉಬ್ಬಿದ್ದನ್ನು ನನಗೆ ಮುಚ್ಚಿಟ್ಟಿದ್ದರು. ಎರಡು ವರ್ಷದಿಂದ ಹೀಗೇ ನಡೆದಿತ್ತು, ನಾನು ಗಮನಿಸಿರಲಿಲ್ಲ. ಮುಂದಿನ ವಾರ ಅದನ್ನೇ ಬರೆದು ಓದಿದೆ. ಕನ್ನಡದಲ್ಲಿ ಹೇಳುವುದಾದರೆ:

ಹರಿದ ರೊಟ್ಟಿ ಅವರ ತಟ್ಟೆಗೆ,
ಉಬ್ಬಿದ ರೊಟ್ಟಿ ನನ್ನ ಪಾಲಿಗೆ;
ಪಾಠ ನನ್ನದು, ಕಲಿತದ್ದು ಒಟ್ಟಿಗೆ,
ಇದನ್ನು ಹೇಳಲು ಹೊರಳದು ನಾಲಿಗೆ.

ಅಜ್ಜಿ ತಿದ್ದಲು ಪೆನ್ನು ಎತ್ತಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಮಲಯ್‌ನಲ್ಲಿ ನಾಲ್ಕು ಸಾಲು ಹೇಳಿದರು. ಮೊದಲೆರಡರಲ್ಲಿ ಅವರ ಕಿಟಕಿಯಾಚೆಯ ಬಾಳೆಗಿಡ. ಕೊನೆಯೆರಡರಲ್ಲಿ ಒಂದು ಪ್ರಶ್ನೆ: ಹರಿದ ರೊಟ್ಟಿಯವರ ಮುಖ ನಮಗೆ ಯಾವಾಗ ತೋರಿಸುತ್ತೀರಿ?

"ಇವತ್ತೂ ಬೈದ್ರೇನು?" ಒಳಗಿಂದ ಯಜಮಾನರ ದನಿ.

"ಇಲ್ರಿ. ನಿಮ್ಮನ್ನ ಕೇಳಾಕತ್ತಾರ, ಬರ್ರಿ."

ಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ಕೂತು ಅಜ್ಜಿಗೆ ನಮಸ್ಕಾರ ಮಾಡಿದರು. ಪದ್ಯಗಳಲ್ಲಿ ಓದಿ ಗೊತ್ತಿದ್ದರೂ ಅವರ ಹೆಸರೇನೆಂದು ಅಜ್ಜಿ ಬೇಕೆಂದೇ ನನ್ನನ್ನು ಕೇಳಿದರು. ಒಡಪಿಲ್ಲದೆ, ಪ್ರಾಸವಿಲ್ಲದೆ, ಮೊದಲ ಸಲ ಬರೀ ಹೆಸರು ಹೇಳಿದೆ. ಕಣ್ಣು ತುಂಬಿ ಬಂತು.